ಏಕಾದಶಿಯ ಮಾತ್ರೆ

ಎಂಬತ್ತರ ದಶಕದಲ್ಲಿ ರಾಜಾಜಿನಗರದ ಮನೋವೈದ್ಯರೊಬ್ಬರ ಹತ್ತಿರ ನಾನು ಕಾಂಪೌಂಡರ್ ಆಗಿದ್ದೆ. ಒಂದಿನ ಮಡಿವಂತ ಹಿರಿಯರೊಬ್ಬರು ಮಗನ ಮಾತ್ರೆ ತಗೊಂಡು ಹೋಗೋಕೆ ಬಂದ್ರು. ಪೊಟ್ಟಣ ಕೈಗಿಟ್ಟರೆ ನನ್ನನ್ನೇ ಗದರಿದ್ರು:

"ನಿತ್ಯ ಜಪ ಮಾಡೋ ನಮ್ಮ ಜನಕ್ಕೆ ಈ ಕಾಯಿಲೆ ಬರೋದೇ ಇಲ್ಲ, ತಿಳ್ಕೊಳ್ಳಿ."

"ಸಂತೋಷ ಸಾರ್. ಮತ್ತೆ ಈ ಮಾತ್ರೆ?"

"ನನ್ನ ಮಗನಿಗೆ ದೃಷ್ಟಿ ತಗುಲಿದೆ, ಅಷ್ಟೆ." ಆಮೇಲೆ ದನಿ ತಗ್ಗಿಸಿದ್ರು. "ಏಕಾದಶಿ ಉಪವಾಸದ ದಿನವೂ ಕೊಡಬಹುದಾ? ಹೋದ ಸಲ ಕೊಡಲಿಲ್ಲ. ಬಾವಿಕಟ್ಟೆ ಹತ್ತಿ ನಿಂತುಬಿಟ್ಟಿದ್ದ."

ನನಗೆ ಮೈಯೆಲ್ಲ ಉರಿಯಿತು. "ಕೊಡಲೇಬೇಕು! ಬೇಡ ಅಂದೋರು ಯಾರು, ನಿಮ್ಮ ಮಠದ ಗುರುಗಳಾ?"

"ಅಯ್ಯೋ, ಕೇಳ್ಕೊಂಡು ಬಾ ಅಂತ ಕಳಿಸಿದ್ದೇ ಅವರು. ಏಕಾದಶಿ ದಿನ ತಾವು ತಗೊಳ್ಳೋ ಇದೇ ಮಾತ್ರೆ ಬಿಟ್ಟು ಅವರೂ ತುಂಬಾ ಒದ್ದಾಡಿದ್ರಂತೆ."

ಆ ಜನಕ್ಕೆ ಕಾಯಿಲೆ ಬರೋದೇ ಇಲ್ಲ, ಬಿಡಿ. ದೃಷ್ಟಿ ಮಾತ್ರ ಮಠದೊಳಗೂ ತಗುಲುತ್ತೆ.