ನೇರಳೆ ಬೆಳಕಿನ ಮೇಡಂ

ಕರೆಂಟಿನ ಯಾವ ಉಪಕರಣದ ಮುಂದೆ ನಿಂತರೂ ನಮ್ಮ ಮೇಡಂ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸೆರಗಿನ ತುದಿಯನ್ನು ಆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದರು. ಕೆಲಸವೆಲ್ಲ ಬಲಗೈಯಲ್ಲೇ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಎಂಬುದು ಅದಕ್ಕೆ ಕಾರಣ. ಮಂಡ್ಯದ ಕಾಲೇಜಿನಲ್ಲಿ ಅವರು ನಮಗೆ ಭೌತಶಾಸ್ತ್ರ ಕಲಿಸುವಾಗ ಹಿಂದಿನ ಬೆಂಚಿನವರು ಅದನ್ನು ಅಣಕಿಸುತ್ತಿದ್ದರು. "ನಗ್ರಪ್ಪ, ಬದುಕಿದ್ರೆ ತಾನೆ ನಗೋದು" ಎಂದು ಮೇಡಂ ಪಾಠ ಮುಂದುವರಿಸುತ್ತಿದ್ದರು.

ಅವರು ಕಿರುಗಾವಲಿನ ಒಕ್ಕಲು ಮನೆತನದವರು. ಮದುವೆಯಾಗಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಊರಿನ ಮಾತಿನಲ್ಲಿ. ಡಬ್ಬಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಎಂ.ಎಸ್ಸಿ. ಮುಗಿಸಿ ನಾನು ಬೆಸಗರಹಳ್ಳಿಗೆ ಸೊಸೆಯಾಗಿ ಹೋದೆ. ಸ್ವಲ್ಪ ಕಾಲಕ್ಕೇ ನನ್ನ ಗಂಡ ಗದ್ದೆಯ ಪಂಪ್‌ಸೆಟ್ಟಿನಲ್ಲಿ ಕರೆಂಟು ಹೊಡೆದು ತೀರಿಕೊಂಡರು. ತಿಥಿ ಮುಗಿಯಿತು, ನೆಂಟರು ಹೋದರು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದೆ. ಸ್ವಿಚ್ಚು ಮಾತ್ರ ಮುಟ್ಟುತ್ತಿರಲಿಲ್ಲ. ಕತ್ತಲಾದರೆ ಯಾರಾದರೂ ಬಂದು ದೀಪ ಹಾಕುವವರೆಗೆ ಹಾಗೇ ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ಮೇಡಂ ಮಂಡ್ಯದಿಂದ ಹೊರಟು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಮನೆಗೆ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, "ಸೋಮವಾರದಿಂದ ಲ್ಯಾಬಿಗೆ ಬಾ. ಒಬ್ಬಳೇ ವೋಲ್ಟೇಜ್ ಏರಿಸ್ಕೊಂಡು ಒಬ್ಬಳೇ ಮೀಟರ್ ನೋಡೋಕಾಗ್ತಿಲ್ಲ" ಎಂದರು.

ಅತ್ತೆ ಖಾಲಿ ಲೋಟವನ್ನು ನೆಲಕ್ಕೆ ಕುಕ್ಕಿದರು. "ನನ್ ಮಗನ್ನ ತಿಂದ ಕರೆಂಟಿನ ತಾವ್ಕೇ ಇವ್ಳನ್ನೂ ಕಳ್ಸನಾ? ಚೆನ್ನಾಗಯ್ತೆ ನಿಮ್ ಮಾತು."

"ಇಲ್ಲಿ ಕತ್ಲಲ್ಲಿ ಕೂತ್ರೆ ಇವ್ಳೂ ಉಳಿಯಾಕಿಲ್ಲ ಕಣಮ್ಮ. ಕಳ್ಸು. ಸಂಜೆ ನಾನೇ ಬಸ್ಸು ಹತ್ತಿಸ್ತೀನಿ."

ಕೊನೆಗೆ ಅತ್ತೆ, "ಓಗ್ಲಿ ಬುಡಿ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಮೇಡಂ ಆಗ ಜಡಾನಿಲಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಗಾಜಿನ ಕೊಳವೆಯಿಂದ ಗಾಳಿ ತೆಗೆದು ಅದಕ್ಕೆ ಚೂರು ಆರ್ಗಾನ್ ತುಂಬುವುದು. ಎರಡು ತುದಿಗೆ, ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಕರೆಂಟು ಕೊಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸುವುದು. ಎಷ್ಟೋ ಹೊತ್ತು ಅನಿಲ ಕರೆಂಟನ್ನು ಹಾಯಗೊಡುವುದಿಲ್ಲ. ಆಮೇಲೆ ತಟ್ಟನೆ ಕೊಳವೆಯ ತುಂಬ ನೇರಳೆ ಬೆಳಕು. ಅದು ಹೊತ್ತಿಕೊಂಡಾಗಿನ ವೋಲ್ಟೇಜನ್ನು ನಾನು ಓದಿ ಹೇಳಬೇಕಿತ್ತು. ಮೇಜಿನಿಂದ ಆದಷ್ಟು ದೂರ ಸ್ಟೂಲು ಹಾಕಿಕೊಂಡು, ಕತ್ತು ಚಾಚಿ ಓದುತ್ತಿದ್ದೆ. ಮೇಡಂ ಅದನ್ನು ಕಂಡೂ ಕಾಣದಂತಿದ್ದರು.

ಕೆಲವು ವಾರ ಕಳೆದ ಮೇಲೆ, "ಇವತ್ತು ನೀನು ತಿರುಗಿಸು" ಎಂದರು. ವೋಲ್ಟೇಜ್ ಏರಿಸುವ ಗುಂಡಿಯ ಮೇಲೆ ಬೆರಳಿಟ್ಟೆ, ತಿರುಗಿಸಲಿಲ್ಲ. ಅವರು ಅವಸರ ಮಾಡಲಿಲ್ಲ.

"ಒಳಗೆ ಒಂದಷ್ಟು ಎಲೆಕ್ಟ್ರಾನು ಮೊದ್ಲೇ ಇರ್ತವೆ. ಕರೆಂಟು ಅವನ್ನ ಅತ್ತ ತಳ್ತದೆ, ಇತ್ತ ತಳ್ತದೆ. ಗಾಳಿಯಾಗಿದ್ರೆ ಆಮ್ಲಜನಕ ಹಿಡ್ಕೊಂಬುಡ್ತಿತ್ತು. ಆರ್ಗಾನ್ ಹಿಡಿಯಾಕಿಲ್ಲ. ಎಲೆಕ್ಟ್ರಾನು ಓಡಿ ಓಡಿ ಜೋರಾಗಿ, ಒಂದು ಪರಮಾಣುಗೆ ಗುದ್ದಿ ಅದ್ರಿಂದ ಇನ್ನೊಂದು ಎಲೆಕ್ಟ್ರಾನ್ ಬಿಡಿಸ್ತದೆ. ಒಂದು ಎರಡಾಯ್ತದೆ, ಎರಡು ನಾಲ್ಕು. ದಿಕ್ಕು ಬಲು ಬೇಗ ಬದ್ಲಾದ್ರೆ, ಗೋಡೆಗೆ ಬಡಿಯೋ ಮೊದ್ಲೇ ವಾಪಸ್ ತಿರುಗ್ತವೆ. ಆಗ ಬೆಳಕು ಹೊತ್ಕೊಳ್ಳಾಕೆ ಕಮ್ಮಿ ವೋಲ್ಟೇಜೇ ಸಾಕು."

"ಅವರಿಗೂ ಹೀಗೇ ಆಯ್ತಾ ಮೇಡಂ?" ಎಂದೆ. ಗಂಡನ ಸಾವಿನ ಬಗ್ಗೆ ನಾನು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಇಲ್ಲ. ಅದು ಬೇರೆ. ವಯರು ಸುಲಿದಿತ್ತು, ಕೈ ಒದ್ದೆಯಾಗಿತ್ತು. ಅಷ್ಟೇ. ಅವನ ತಪ್ಪಲ್ಲ, ನಿಂದೂ ಅಲ್ಲ."

ತಿರುಗಿಸಿದೆ. ಬೆಳಕು ಬಂತು. ಸಂತೋಷವಾಗಲಿಲ್ಲ, ಭಯವೂ ಆಗಲಿಲ್ಲ. ಮೀಟರ್ ಓದಿ ಹೇಳಿದೆ. "ಸರಿ, ಇನ್ನೊಂದ್ಸಲ" ಎಂದರು.

ಅಂದು ಸಂಜೆ ಮನೆಗೆ ಬಂದು ನಾನೇ ದೀಪ ಹಾಕಿದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿ ನೋಡಿ, ಮತ್ತೆ ಕಾಯಿಗೆ ಕೈ ಹಾಕಿದರು.

ಮೇಡಂ ಬೆನ್ನು ಹತ್ತಿ ನನ್ನಿಂದ ಉಪನ್ಯಾಸಕರ ಅರ್ಹತಾ ಪರೀಕ್ಷೆ ಬರೆಸಿದರು. ಈಗ ಮಳವಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅತ್ತೆ ನನ್ನ ಜೊತೆಗೇ ಇದ್ದಾರೆ.

ಹೋದ ವರ್ಷ ಮೇಡಂ ಕಾಯಿಲೆಯಿಂದ ತೀರಿಕೊಂಡರು. ಕಿರುಗಾವಲಿನ ಅವರ ಹೊಲದಲ್ಲೇ ಮಣ್ಣು ಮಾಡಿದರು. ಸುತ್ತ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಅವರ ತಮ್ಮ ಹತ್ತಿರ ಬಂದು, "ನೀವು ನಮ್ಮಕ್ಕಂಗೆ ಏನಾಗ್ಬೇಕವ್ವ?" ಎಂದು ಕೇಳಿದರು. "ಶಿಷ್ಯೆ" ಎಂದೆ. ಆ ಮಾತು ಸಾಲದು ಎನ್ನಿಸಿತು.

ಮರುದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಲೆ ಬಾಚಿಕೊಂಡು ಕಾಲೇಜಿಗೆ ಹೊರಟೆ. ಏನೂ ಅನ್ನಿಸದ ದಿನವೂ ಮನೆಯಿಂದ ಹೊರಡಬಹುದು ಎಂದು ನನಗೆ ತೋರಿಸಿಕೊಟ್ಟವರು ಅವರೊಬ್ಬರೇ.