ಹಣ್ಣಿಗೆ ಬರುತ್ತೇನೆಂದು ಹೋದವಳು

ಕಾಫಿಗೆ ಏಲಕ್ಕಿ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಮೊಮ್ಮಗಳು ಎಲ್ಲೋ ನೋಡಿ ಕಲಿತು ಹಾಗೇ ಮಾಡಿಕೊಂಡು ತಂದಳು. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ಆ ಹುಡುಗಿ ನೆನಪಾದಳು. ಇಪ್ಪತ್ತು ವರ್ಷದ ಮೇಲಾಯಿತು. ಹಾನುಬಾಳಿನ ನಮ್ಮ ಅಡುಗೆಮನೆಯಲ್ಲಿ ಹಾಲು ಬೆಲ್ಲ ಏನೂ ಇಲ್ಲದೆ, ಪುಡಿಯನ್ನೂ ಸೋಸದೆ, ಏಲಕ್ಕಿ ಕುಟ್ಟಿ ಹಾಕಿ ಕಾಫಿ ಕುದಿಸುತ್ತಿದ್ದಳು. "ಇದು ಕಾಫಿಯಲ್ಲ ಕಣೆ, ಕಷಾಯ" ಎಂದರೆ, ಮೈಸೂರಿನಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ "ನೀವು ಕುಡಿಯುವುದು ಪಾಯಸ, ಅವ್ವ" ಅನ್ನುತ್ತಿದ್ದಳು.

ಪ್ಯಾಲೆಸ್ಟೀನಿನವಳು. ಆ ದೇಶ ಎಲ್ಲಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಟೀವಿಯಿಂದ ಗೊತ್ತು. ಮೈಸೂರಿನಲ್ಲಿ ಗಿಡಮರಗಳ ವಿಷಯ ಓದುತ್ತಿದ್ದಳು. ಕಾಫಿ ಹೂವು ಬಿಟ್ಟ ಮೇಲೆ ಎಷ್ಟು ಕಾಯಿ ನಿಲ್ಲುತ್ತದೆ, ಎಷ್ಟು ಉದುರುತ್ತದೆ ಎಂದು ಹೂವಿನಿಂದ ಹಣ್ಣಿನವರೆಗೆ ನೋಡಿ ಬರೆದರೆ ಅವಳಿಗೆ ಡಿಗ್ರಿ. ಅವಳ ಮೇಷ್ಟ್ರು ನಮ್ಮ ಯಜಮಾನರಿಗೆ ಬೇಕಾದವರು. ಯಜಮಾನರು ತೀರಿಕೊಂಡ ಮೇಲೂ ಆ ಪರಿಚಯದ ಮೇಲೆ ನಮ್ಮ ತೋಟಕ್ಕೆ ಕಳಿಸಿದ್ದರು. ಬಂದವಳೇ ತನಗೆ ಬೇಕಾದ ಗಿಡಗಳಿಗೆ ಕೆಂಪು ದಾರ ಕಟ್ಟಿದಳು. ಚಿಗುರು ತೆಗೆಯುವ ಹೆಂಗಸರು ಆ ಗಿಡ ಮುಟ್ಟಿದರೆ ಜಗಳಕ್ಕೆ ನಿಲ್ಲುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೂ… ತಮ್ಮನನ್ನು ಎತ್ತಿಕೊಳ್ಳಲು ಅಂತ ನನ್ನನ್ನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಓದುವುದಕ್ಕಾಗಿ ಒಂದು ಹೆಣ್ಣು ಹಾಗೆ ಜಗಳವಾಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಗಾಗ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನ್ ಮಾಡುತ್ತಿದ್ದಳು. ಅಣ್ಣ ಬಂದೂಕು ಹಿಡಿದವರ ಜೊತೆ ಸೇರಿದ್ದನಂತೆ. ಅವನು ಫೋನಿಗೆ ಸಿಕ್ಕರೆ ನಮ್ಮ ಜೊತೆ ಬಾ ಅನ್ನುತ್ತಿದ್ದ. ತಾಯಿ ಸಿಕ್ಕರೆ, ಓದು ಮುಗಿಸದೆ ಬಂದರೆ ಬಾಗಿಲು ತೆಗೆಯುವುದಿಲ್ಲ ಅನ್ನುತ್ತಿದ್ದಳು. ಇವಳು ಒಂದು ದಿನ ಅಣ್ಣನ ಪರ, ಮಾರನೇ ದಿನ ತಾಯಿಯ ಪರ. ಬೆಳಿಗ್ಗೆ ಬ್ಯಾಗು ತುಂಬುವಳು, ಸಂಜೆ ಬಿಚ್ಚುವಳು. ನೋಡಿ ನೋಡಿ ನನಗೆ ತಲೆ ಕೆಟ್ಟುಹೋಯಿತು. "ಒಂದ್ ಕಡೀಕೆ ನಿಂತ್ಕಳೆ ಮಾರಾಯ್ತಿ" ಎಂದು ಗದರಿದ್ದೆ.

ಅದು ಎಲೆಕ್ಷನ್ ವರ್ಷ. ಎಲೆಕ್ಷನ್ ಬಂತೆಂದರೆ ನಮ್ಮ ಕಡೆ ಲೈಸೆನ್ಸಿನ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಹಂದಿ ಓಡಿಸಲು ಇಟ್ಟುಕೊಂಡಿದ್ದ ನಮ್ಮ ಕೋವಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಸಕಲೇಶಪುರದ ಬಸ್ಸು ಹತ್ತಿದೆ. ಅವಳೂ ಬಂದಳು. ಸ್ಟೇಷನ್ ಮುಂದೆ ತೋಟದವರೆಲ್ಲ ಕೋವಿ ಹಿಡಿದು, ಕಾಫಿ ರೇಟು ಮಾತಾಡುತ್ತ ಸಾಲಾಗಿ ನಿಂತಿದ್ದರು.

"ಯಾರೂ ಕಿತ್ತುಕೊಳ್ಳದೆ ನೀವೇ ಕೊಡುತ್ತೀರಾ?" ಎಂದಳು.

"ಕೊಡ್ದೆ? ವೋಟು ಮುಗುದ್ ಮ್ಯಾಲೆ ವಾಪಸ್ ಕೊಡ್ತಾರೆ."

"ಕೊಡದಿದ್ದರೆ?"

"ಯಾಕ್ ಕೊಡಲ್ಲ? ಅವರಿಗೇನ್ ಹಂದಿ ಕಾಟ ಐತಾ?"

ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕಳು, ಕಣ್ಣಲ್ಲಿ ನೀರು ಇಳಿಯುವ ಹಾಗೆ. ನಗುವಂಥದ್ದು ನಾನೇನು ಹೇಳಿದ್ದೆನೋ. ಹುಷಾರಿಲ್ಲವೇನೋ ಎಂದು ಪೊಲೀಸಿನವನು ನೀರು ತಂದುಕೊಟ್ಟ.

ಕೋವಿ ಮನೆಗೆ ವಾಪಸಾಯಿತು. ಗಿಡದಲ್ಲಿ ಕಾಯಿ ಇನ್ನೂ ಮೆಣಸಿನ ಕಾಳಿನಷ್ಟಿದ್ದಾಗ ಅಣ್ಣ ಸತ್ತ ಸುದ್ದಿ ಬಂತು. ಸೈನ್ಯದವರು ಮನೆಯನ್ನೂ ಕೆಡವಿದ್ದರಂತೆ. ತಾಯಿ ಫೋನಿನಲ್ಲಿ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲವಂತೆ. ಬೂತಿನಿಂದ ಬಂದವಳು ಗೋಡೆಯ ಮೇಲಿದ್ದ ಕೋವಿ ನೋಡುತ್ತ, "ನನಗೆ ಇದನ್ನು ಕಲಿಸಿ" ಎಂದಳು.

"ಕಲ್ತು?"

"ಅಣ್ಣನ ಜಾಗಕ್ಕೆ ಹೋಗುತ್ತೇನೆ."

"ನಿನ್ನವ್ವಂಗೆ ಇನ್ನೊಂದ್ ಹೆಣ ಬೇಕಂತಾ?"

"ಗದ್ದೆಗೆ ಹಂದಿ ಬಂದರೆ ನೀವು ಕೋವಿ ತೆಗೆಯುತ್ತೀರಿ. ನಮ್ಮ ಮನೆಯೇ ಹೋಯಿತು. ನಾನು ಹೂವು ಎಣಿಸುತ್ತ ಕೂರಲಾ?"

ಆ ಮಾತು ನೆನೆದರೆ ಇವತ್ತಿಗೂ ನನಗೆ ರೇಗುತ್ತದೆ. ಕೋವಿಯನ್ನಂತೂ ಮುಟ್ಟಿಸಲಿಲ್ಲ. "ಕಾಯಿ ಹಣ್ಣಾಗಗಂಟ ಇರು. ಹಿಡ್ದ್ ಕೆಲ್ಸ ಮುಗ್ಸು, ಆಮ್ಯಾಲೆ ಎಲ್ಲಿಗಾರ ಹೋಗು" ಎಂದೆ.

"ತಾಯಿಯನ್ನು ನೋಡಿ ಹಣ್ಣಿಗೆ ಬರುತ್ತೇನೆ" ಎಂದು ಮಾರನೇ ದಿನ ಜೀಪು ಹತ್ತಿದಳು. ಪುಸ್ತಕಗಳಲ್ಲಿ ಅರ್ಧ ತೆಗೆದುಕೊಂಡು ಹೋದಳು, ಅರ್ಧ ಇಲ್ಲೇ ಬಿಟ್ಟಳು. ಹೋಗುವಾಗಲೂ ಒಂದು ಕಡೆ ನಿಲ್ಲಲಿಲ್ಲ ಆ ಹುಡುಗಿ.

ಹಣ್ಣಾಯಿತು. ದಾರ ಕಟ್ಟಿದ ಗಿಡಗಳದ್ದನ್ನು ಬೇರೆಯೇ ಬಿಡಿಸಿ, ಬೇರೆಯೇ ಒಣಗಿಸಿ, ಗಿಡಕ್ಕೊಂದು ಗಂಟು ಕಟ್ಟಿಸಿದೆ. ಕೆಲಸದ ಹೆಂಗಸರಿಗೆ ಬೇಸರ. "ಏನ್ ಅಮ್ಮಾರೇ, ಮಗಳ್ ಬಾಣಂತನಕ್ ಎತ್ತಿಡ್ತಿದೀರಾ?" ಎಂದು ಚುಚ್ಚಿದರು. "ಬಾಯ್ ಮುಚ್ಕಂಡ್ ಬಿಡಿಸ್ರೆ" ಎಂದೆ. ಅವಳು ಬರಲಿಲ್ಲ. ಮೇಷ್ಟ್ರಿಗೂ ಏನೂ ತಿಳಿಯಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಗಂಟುಗಳಿಗೆ ಬೂಷ್ಟು ಹಿಡಿಯಿತು. ಗೊಬ್ಬರದ ಗುಂಡಿಗೆ ಸುರಿದೆ…

ಮೊಮ್ಮಗಳಿಗೆ ಏಲಕ್ಕಿ ಜಾಸ್ತಿಯಾಯಿತೆಂದು ಬೈದೆ. ಬೈದು, ತಳದ ಚರಟ ಕಾಣುವವರೆಗೆ ಕುಡಿದೆ. ಈಗ ಆ ಕಡೆಯ ಸುದ್ದಿ ಟೀವಿಯಲ್ಲಿ ಬಂದರೆ ಹತ್ತಿರ ಹೋಗಿ ಕೂರುತ್ತೇನೆ. ಬದುಕಿದ್ದರೆ ಅವಳಿಗೂ ತಲೆ ನರೆತಿರಬೇಕು. ನಾನು ನೋಡುವುದು ಮಾತ್ರ ಓದುವ ವಯಸ್ಸಿನ ಹುಡುಗಿಯರ ಮುಖಗಳನ್ನೇ. ನನ್ನ ಬುದ್ಧಿಗೆ ಏನು ಹೇಳಬೇಕೋ.