ಕಳ್ಳಿಗೆ ಮೀನಿನ ನೀರು

ಬೆಳಿಗ್ಗೆ ಎದ್ದು ದೇವರ ಫೋಟೋಕ್ಕಿಂತ ಮೊದಲು ನಾನು ನೋಡುವುದು ಆಕಾಶವನ್ನು. ಕರಾವಳಿಯ ಈ ಮಣ್ಣಗುಡ್ಡದಲ್ಲಿದ್ದುಕೊಂಡು ಕಳ್ಳಿ ಗಿಡ ಸಾಕುವವರಿಗೆ ಬೇರೆ ದಾರಿಯಿಲ್ಲ. ಈ ಗಿಡಗಳ ಹಿರಿಯರು ಒಂದು ಮಳೆಗಾಗಿ ವರ್ಷವಿಡೀ ಕಾದವರು. ನಮ್ಮ ಮಳೆಯೋ, ಒಗೆದ ಬಟ್ಟೆ ಒಣಗಲು ಬಿಡದೆ ವಾರಗಟ್ಟಲೆ ಸುರಿಯುವಂಥದ್ದು. ಇಂಥಲ್ಲಿ ತಂದಿಟ್ಟು ‘ಬದುಕು’ ಎಂದರೆ ಅದಾದರೂ ಏನು ಮಾಡೀತು?

ಹಾಗೆಂದು ಸುಖವೇ ಇಲ್ಲವೆಂದಲ್ಲ. ದಪ್ಪ ಎಲೆಯ ಸಕ್ಯುಲೆಂಟಿನಿಂದ ಉದುರಿದ ಒಂದು ಎಲೆ ಕಿಟಕಿಯ ಮೂಲೆಯಲ್ಲಿ ಬಿದ್ದು, ಯಾರೂ ಕೇಳದಿದ್ದರೂ ಅಲ್ಲೇ ಎಳೆ ಮರಿಯೊಂದನ್ನು ಹೊರಡಿಸಿಕೊಂಡಿರುತ್ತದೆ. ಅದನ್ನು ಕಂಡ ದಿನ ನಾನು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತೇನೆ. ನನ್ನಲ್ಲಿ ಚೆನ್ನಾಗಿರುವುದೆಲ್ಲ ಹೀಗೆ ನಾನು ಮರೆತ ಗಿಡಗಳೇ. ನೆನಪಿಟ್ಟು ಸಾಕಿದವು ಬುಡ ಮೆತ್ತಗಾಗಿ ಹೋಗಿವೆ. ಜುಲೈಯ ಥಂಡಿಯಲ್ಲಿ ಮಣ್ಣು ಒಣಗಲೆಂದು ಕುಂಡಗಳಿಗೆ ಟೇಬಲ್ ಫ್ಯಾನ್ ಹಾಕಿ ಕೂತವಳು ನಾನು. ‘ಶಾಲು ಹೊದೆಸುವುದೊಂದು ಬಾಕಿ’ ಎಂದು ನನ್ನ ಗಂಡ ಹೇಳಿದಾಗ ಬೇಸರವಾಯಿತು, ಆ ಯೋಚನೆ ನನಗೂ ಬಂದಿದ್ದರಿಂದ.

ಕಳ್ಳಿಯ ಮುಳ್ಳು ನಿಜವಾಗಿ ಎಲೆಯಂತೆ. ಎಲೆ ಅಗಲವಿದ್ದಷ್ಟು ನೀರು ಆವಿಯಾಗುತ್ತದೆಂದು ಕಿರಿದಾಗುತ್ತ ಕಿರಿದಾಗುತ್ತ ಮುಳ್ಳಾಯಿತಂತೆ. ಇದನ್ನು ಓದಿದಂದಿನಿಂದ ನನಗೆ ಅದರ ಮೇಲೆ ಗೌರವ. ಅದು ಸಿಟ್ಟಿನ ಗಿಡವಲ್ಲ, ನನ್ನ ಹಾಗೆ ನಾಳೆಯ ಚಿಂತೆಯ ಗಿಡ.

ನನ್ನ ಗಿಡಗಳಲ್ಲಿ ಒಂದು ಮಾತ್ರ ನನ್ನದಲ್ಲ. ಅದು ನಾದಿನಿ ವನಿತಾಳದ್ದು, ಗೇಣುದ್ದದ ಕಂಬದಂಥ ಕಳ್ಳಿ. ಕುವೈತಿನ ಕೆಲಸಕ್ಕೆ ಹೊರಟಾಗ ಅವಳು ಅದನ್ನು ನನ್ನ ಕೈಗಿಟ್ಟು, ‘ಅತ್ತಿಗೆ, ಇದಕ್ಕೆ ಎಂತದೂ ಮಾಡುವುದು ಬೇಡ. ಅದೇ ಇದರ ಆರೈಕೆ’ ಎಂದಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ ಅದನ್ನು ನೋಡಲೇಬೇಕು ಅವಳಿಗೆ. ಅವಳ ತಾಯಿ, ಅಂದರೆ ನನ್ನ ಅತ್ತೆ, ನಾನು ಮಾಮಿ ಎನ್ನುವವರು, ಪಕ್ಕದಲ್ಲಿ ಕೂತಿರುತ್ತಾರೆ. ತಾಯಿ ಮಗಳು ಮುಖ ನೋಡಿಕೊಂಡರೆ ಇಬ್ಬರಿಗೂ ಅಳು ಬರುತ್ತದೆ. ಆದ್ದರಿಂದ ಇಬ್ಬರೂ ಗಿಡದ ಬಗ್ಗೆ ಮಾತಾಡುತ್ತಾರೆ. ಆ ಗಿಡಕ್ಕೇನಾದರೂ ಆದರೆ ಇವರು ಇನ್ನೇನು ಮಾತಾಡಿಯಾರು ಎಂಬುದೇ ನನ್ನ ಹೆದರಿಕೆ.

ಮಳೆಗಾಲದ ರಜೆ ಮುಗಿಸಿ ಮೀನುಗಾರರ ಬೋಟುಗಳು ಕಡಲಿಗಿಳಿದ ಮೇಲೆ ಮನೆಯ ಮುಂದಿನ ಸಿಟೌಟಿನಲ್ಲಿ ಒಂದು ವಿಚಿತ್ರ ಕಂಡೆ. ಬೀದಿಯ ಬೆಕ್ಕುಗಳು ಬೆಂಚಿನ ಮೇಲೆ ಬಂದು, ವನಿತಾಳ ಕಳ್ಳಿಯ ಸುತ್ತ ಭಕ್ತರ ಹಾಗೆ ಕೂರತೊಡಗಿದವು. ಒಂದು ಬೆಕ್ಕಂತೂ ಮೂತಿಗೆ ಮುಳ್ಳು ಚುಚ್ಚಿಸಿಕೊಂಡೂ ಕದಲಲಿಲ್ಲ. ನಾನು ಬಗ್ಗಿ ಕುಂಡ ಮೂಸಿದೆ. ಮೀನಿನ ವಾಸನೆ.

‘ಮಾಮಿ, ಈ ಕಳ್ಳಿಗೆ ಎಂತ ಹಾಕಿದ್ದು?’

‘ಬೂತಾಯಿ ಮೀನು ತೊಳೆದ ನೀರು. ಬಸಳೆಗೆ ಹಾಕಿ ಸ್ವಲ್ಪ ಉಳೀತದೆ. ನೀನು ಅದಕ್ಕೆ ಎಂತದೂ ಕೊಡುವುದಿಲ್ಲವಲ್ಲ. ಹುಡುಗಿಯ ಗಿಡ, ಪಾಪ, ಉಪವಾಸ ಉಂಟು.’

ಮಾಮಿ ಕಡಲ ಬದಿಯಲ್ಲಿ ಹುಟ್ಟಿದವರು. ಮೀನು ತೊಳೆದ ನೀರನ್ನು ಅವರ ಮನೆಯಲ್ಲಿ ಯಾರೂ ಚೆಲ್ಲಿದ್ದಿಲ್ಲ. ಅದನ್ನು ಕುಡಿದು ಬಸಳೆ ಚಪ್ಪರ ಮುರಿಯುವಷ್ಟು ಹಬ್ಬಿದೆ, ತೆಂಗು ಕಾಯಿ ಬಿಟ್ಟಿದೆ. ಅವರಿಗೆ ಅದು ಕೊಳಕು ನೀರಲ್ಲ, ಅಮೃತ. ಅತಿಯಾದರೆ ಅಮೃತವೂ ವಿಷ ಎಂದು ನಾನು ಯಾವ ಬಾಯಿಂದ ಹೇಳಲಿ? ಕಳ್ಳಿಯನ್ನು ಬೆರಳಿನಿಂದ ಒತ್ತಿದೆ. ಬುಡ ಹಣ್ಣಾದ ಬಾಳೆಯಂತೆ ಒಳಗೆ ಹೋಯಿತು.

ಉಳಿದ ದಾರಿ ಒಂದೇ. ಕೊಳೆತ ಭಾಗದಿಂದ ಮೇಲಕ್ಕೆ ಕತ್ತರಿಸಿ, ತಲೆಯ ಭಾಗವನ್ನು ಗಾಯ ಒಣಗುವವರೆಗೆ ಹಾಗೇ ಇಡಬೇಕು. ಮಣ್ಣಿಲ್ಲ, ನೀರಿಲ್ಲ. ಅಡುಗೆಮನೆಯ ಚೂರಿ ತಂದು ಕತ್ತರಿಸಿದೆ. ಹಳೆಯ ಪೇಪರಿನ ಮೇಲೆ ಮಲಗಿಸಿದ ತುಂಡನ್ನು ಮಾಮಿ ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ಬಂದು ಬಂದು ನೋಡಿದರು. ಒಂದು ತೊಟ್ಟು ನೀರೂ ಬೇಡವಾ ಎಂದು ಕೇಳಿದರು. ಬೇಡ ಎಂದೆ. ಬಸಳೆಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡರು.

ಭಾನುವಾರ ಬಂತು. ನೆಟ್‌ವರ್ಕ್ ಸರಿಯಿಲ್ಲವೆಂದು ಸುಳ್ಳು ಹೇಳಲು ತಯಾರಾಗಿದ್ದೆ. ‘ಅತ್ತಿಗೆ, ಗಿಡ ತೋರಿಸಿ’ ಎಂದಳು ವನಿತಾ. ಮಾಮಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

‘ಗಿಡವನ್ನು ನಾನು ಕೊಂದೆ ಮಗಾ. ಅದಕ್ಕೆ ಹಸಿವೆ ಆಗ್ತದೆ ಅಂತ ಮೀನಿನ ನೀರು ಹಾಕಿದೆ.’

ವನಿತಾ ಫೋನನ್ನು ಮುಖದ ಹತ್ತಿರಕ್ಕೆ ತಂದಳು.

‘ಅಮ್ಮಾ, ಅದಕ್ಕೆ ಹಸಿವೆ ಇಲ್ಲ. ನನಗೆ ಉಂಟು. ನಾನು ಬಂದಾಗ ಬೂತಾಯಿ ಪುಳಿಮುಂಚಿ ಮಾಡಿಕೊಡು, ಆಯ್ತಾ?’

ಇಬ್ಬರೂ ಅತ್ತರು. ಆಮೇಲೆ ಆ ಸಾರಿಗೆ ಹುಳಿ ಎಷ್ಟು, ಖಾರ ಎಷ್ಟು, ಅಲ್ಲಿ ಸಿಗುವ ಮೀನಿಗೆ ಯಾಕೆ ರುಚಿಯಿಲ್ಲ ಎಂದು ಫೋನಿನ ಚಾರ್ಜ್ ಮುಗಿಯುವವರೆಗೆ ಮಾತಾಡಿದರು. ಗಿಡದ ಸುದ್ದಿ ಅವತ್ತು ಮತ್ತೆ ಬರಲಿಲ್ಲ.

ಈಗ ಆ ತುಂಡು ಒಣ ಮರಳಿನಲ್ಲಿ ನಿಂತಿದೆ. ಬೇರು ಬಂದಿದೆಯೋ ಎಂದು ತಿಳಿಯಲು ಮೆಲ್ಲಗೆ ಎಳೆದು ನೋಡಬೇಕಂತೆ. ಎಳೆದರೆ ಬಂದ ಬೇರೂ ಹರಿಯುತ್ತದಂತೆ. ಇದನ್ನು ಓದಿ ನನ್ನ ನಿದ್ದೆ ಹೋಗಿದೆ. ಇವತ್ತು ಮೀನಿನ ನೀರಿನ ಪಾತ್ರೆ ಹಿಡಿದು ಬಂದ ಮಾಮಿ ಕಳ್ಳಿಯ ಮುಂದೆ ಒಂದು ಗಳಿಗೆ ನಿಂತರು. ಅವರು ನೀರನ್ನಷ್ಟೂ ಬಸಳೆಗೆ ಸುರಿದು ಬಂದರು. ಅಷ್ಟರಲ್ಲಿ ಎಳೆದು ನೋಡಲೆಂದು ನನ್ನ ಕೈ ಕುಂಡದ ಹತ್ತಿರ ಹೋಗಿತ್ತು.

‘ಬಿಡು ಮಾರಾಯ್ತಿ,’ ಎಂದರು ಮಾಮಿ, ‘ಮಲಗಿದವರನ್ನು ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳ್ತಾರಾ?’

ಕೈ ಹಿಂದಕ್ಕೆ ತೆಗೆದೆ. ಹೊರಗೆ ಮಳೆ ಪುನಃ ಶುರುವಾಗಿದೆ, ನಾವಿಬ್ಬರೂ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದೇವೆ. ಸುಮ್ಮನಿರುವುದೂ ಆರೈಕೆಯೇ ಎಂದು ಗಿಡದ ಪುಸ್ತಕಗಳೆಲ್ಲ ಬರೆಯುತ್ತವೆ. ಹಾಗೆ ಸುಮ್ಮನಿರುವುದು ಹೇಗೆ ಎಂದು ಮಾತ್ರ ಒಂದರಲ್ಲೂ ಇಲ್ಲ.